ಶಾಲೆಯನ್ನು ಆರಿಸುವವರು ಯಾರು?

ಶಾಲೆಗಳು ತೆರೆಯುವ ಕಾಲ ಬಂದಿದೆ. ಮಗುವನ್ನು ಎಲ್ಲಿ ಸೇರಿಸಬೇಕೆಂಬ ಚಿಂತೆ ಮನೆಮನೆಯಲ್ಲೂ ನಡೆದಿದೆ. ನಮ್ಮ ಕಚೇರಿಗೆ ಬರುವ ಮಿತ್ರರು ಕೂಡ ರಾಜಕೀಯ ಬಿಟ್ಟು ಡೊನೇಷನ್ನಿನ ಮಾತಾಡುತ್ತಿದ್ದಾರೆ.

ನಮ್ಮನ್ನು ಶಾಲೆಗೆ ಹಾಕಿದ್ದು 1960ರ ದಶಕದ ಮಧ್ಯದಲ್ಲಿ. ಅದಕ್ಕಾಗಿ ಮನೆಯಲ್ಲಿ ಸಮಾಲೋಚನೆ ನಡೆದ ನೆನಪಿಲ್ಲ. ಗದ್ದೆಗೆ ಹೊರಟಿದ್ದ ಅಪ್ಪ ದಾರಿಯಲ್ಲಿ ಸರ್ಕಾರಿ ಶಾಲೆಯ ಜಗಲಿಯ ಮೇಲೆ ನಮ್ಮನ್ನು ನಿಲ್ಲಿಸಿದರು. ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟು ಎಂದರು ಹೆಡ್ ಮೇಷ್ಟ್ರು. ಬೆರಳ ತುದಿ ಕಿವಿಗೆ ತಾಗಿತೋ ಇಲ್ಲವೋ, ಅವರು ರಿಜಿಸ್ಟರಿನಲ್ಲಿ ಹುಟ್ಟಿದ ತಾರೀಖು ಬರೆದೇಬಿಟ್ಟರು. ಸರ್ಕಾರದ ಕಾಗದಪತ್ರಗಳಲ್ಲಿ ಇಂದಿಗೂ ನಾವು ಹುಟ್ಟಿದ್ದು ಆ ಮೇಷ್ಟ್ರ ಲೆಕ್ಕದಂತೆಯೇ! ಪಟೇಲರ ಮಗನೂ ಅದೇ ದಿನ ಸೇರಿದ. ಅವನಿಗೂ ಬೇರೆ ಶಾಲೆಯಿರಲಿಲ್ಲ. ಇದರಿಂದ ಶಾಲೆಗೆ ಒಂದು ಲಾಭವಾಯಿತು. ಮಳೆಗಾಲದಲ್ಲಿ ಹೆಂಚು ಒಡೆದರೆ ಪಟೇಲರು ಎರಡೇ ದಿನದಲ್ಲಿ ಹೊಸದು ಹಾಕಿಸುತ್ತಿದ್ದರು. ನೆನೆಯುವ ತಲೆಗಳಲ್ಲಿ ಅವರ ಮಗನ ತಲೆಯೂ ಒಂದಾಗಿತ್ತಲ್ಲ!

ಹಾಗೆಂದು ಆ ಕಾಲವನ್ನು ಹೊಗಳಲು ನಾವು ಸಿದ್ಧರಿಲ್ಲ. ಊರಾಚೆಯ ಕೇರಿಯ ಹುಡುಗರು ಬಾಗಿಲ ಬಳಿಯೇ ಕೂರಬೇಕಿತ್ತು. ನಮ್ಮ ಅಕ್ಕನಿಗಂತೂ ಕಿವಿ ಮುಟ್ಟು ಎಂದವರೇ ಇಲ್ಲ. ಅವಳ ಸೊಂಟದ ಮೇಲೆ ತಮ್ಮನಿದ್ದ. 14 ವರ್ಷದೊಳಗಿನ ಎಲ್ಲ ಮಕ್ಕಳಿಗೂ 10 ವರ್ಷಗಳಲ್ಲಿ ಉಚಿತ, ಕಡ್ಡಾಯ ಶಿಕ್ಷಣ ದೊರಕಿಸಲು ಸರ್ಕಾರ ಯತ್ನಿಸಬೇಕೆಂದು ಸಂವಿಧಾನ 1950ರಲ್ಲೇ ಹೇಳಿತ್ತು. ಗಡುವು ಮುಗಿದು ಹೋಗಿತ್ತು, ಅಕ್ಕ ಮನೆಯಲ್ಲೇ ಇದ್ದಳು.

ಈಗ ತಂದೆತಾಯಿಗಳಿಗೆ ಆಯ್ಕೆಯ ಸ್ವಾತಂತ್ರ್ಯವಿದೆಯಂತೆ. ಪಟೇಲರ ಮೊಮ್ಮಕ್ಕಳು ಹಳದಿ ವ್ಯಾನಿನಲ್ಲಿ ಪೇಟೆಗೆ ಹೋದರು. ಅವರ ಹಿಂದೆ ಅಂಗಡಿಯವರ ಮಕ್ಕಳು, ಗುಮಾಸ್ತರ ಮಕ್ಕಳು ಹೋದರು. ಸಾಲ ಮಾಡಿ ಫೀಜು ಕಟ್ಟುವ ಕೂಲಿಕಾರ ತಾಯಿಯನ್ನು ನಾವು ದೂರಲಾರೆವು. ಇಂಗ್ಲಿಷ್ ಬಲ್ಲವನಿಗೆ ಕಚೇರಿಯಲ್ಲಿ ಸಿಗುವ ಕುರ್ಚಿಯನ್ನು ಆಕೆ ಕಣ್ಣಾರೆ ಕಂಡಿದ್ದಾಳೆ. ದೂರಬೇಕಾದವರಲ್ಲಿ ನಾವೂ ಇದ್ದೇವೆ. ಸಮಾನ ಶಿಕ್ಷಣದ ಮೇಲೆ ಭಾಷಣ ಮಾಡಿದ ನಾವೇ ನಮ್ಮ ಮಗನನ್ನು ಖಾಸಗಿ ಶಾಲೆಗೆ ಸೇರಿಸಿದೆವು. ಅಂದಿನಿಂದ ಸರ್ಕಾರಿ ಶಾಲೆಯ ಸೂರು ಸೋರುತ್ತಿದೆಯೇ ಎಂದು ನೋಡಿ ಬರಲು ನಮಗೆ ಪುರುಸೊತ್ತಾಗಲಿಲ್ಲ.

ನೆರೆಹೊರೆಯ ಎಲ್ಲ ಮಕ್ಕಳೂ ಜಾತಿ, ವರ್ಗಗಳ ಭೇದವಿಲ್ಲದೆ ಒಂದೇ ಶಾಲೆಯಲ್ಲಿ ಕಲಿಯಲಿ ಎಂದು ಕೊಠಾರಿ ಆಯೋಗ 1966ರಲ್ಲಿ ಶಿಫಾರಸು ಮಾಡಿತು. ಅದು ಕಪಾಟಿನಲ್ಲಿ ಉಳಿಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಮೊದಲ ತರಗತಿಯಲ್ಲಿ ದುರ್ಬಲರ ಮಕ್ಕಳಿಗೆ ಶೇಕಡ 25ರಷ್ಟು ಸೀಟು ಕೊಡಿಸಿತು. 2019ರಲ್ಲಿ ನಮ್ಮ ರಾಜ್ಯ ಸರ್ಕಾರ ನಿಯಮ ತಿದ್ದಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಆ ಸೀಟು ದೊರೆಯದಂತೆ ಮಾಡಿತು. ನೆರೆಯ ಶಾಲೆಯೇ ಸರಿ ಎಂಬ ತತ್ವಕ್ಕೆ ನಮ್ಮ ತಕರಾರಿಲ್ಲ. ಬಡವನಿಗೆ ಮಾತ್ರ ಅದನ್ನು ವಿಧಿಸಿ, ಹಣವುಳ್ಳವನು ಅದೇ ಶಾಲೆಯ ಮುಂದೆ ವ್ಯಾನು ಓಡಿಸಿಕೊಂಡು ಹೋಗಬಹುದೆನ್ನುವುದು ಯಾವ ನ್ಯಾಯ? ಸರ್ಕಾರದ ಸಂಬಳ ಪಡೆಯುವವರು ಮತ್ತು ಜನಪ್ರತಿನಿಧಿಗಳು ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸುವಂತೆ ಮಾಡಬೇಕೆಂದು ಅಲಹಾಬಾದ್ ಹೈಕೋರ್ಟ್ 2015ರ ಆಗಸ್ಟ್‌ನಲ್ಲಿ ಉತ್ತರಪ್ರದೇಶ ಸರ್ಕಾರಕ್ಕೆ ಆದೇಶವಿತ್ತಿತು. ಆದೇಶ ಜಾರಿಗೆ ಬರಲಿಲ್ಲ. ಜಾರಿ ಮಾಡಬೇಕಾಗಿದ್ದವರು ಆ ಸಂಬಳದವರೇ ತಾನೆ!

ಜಿಲ್ಲೆಯ ಶಾಸಕರು, ಅಧಿಕಾರಿಗಳು, ಸರ್ಕಾರಿ ಶಾಲೆಯ ಉಪಾಧ್ಯಾಯರು, ನಮ್ಮ ಪಕ್ಷದ ಕಾರ್ಯಕರ್ತರು ಈ ವರ್ಷ ತಮ್ಮ ಮಕ್ಕಳು ಮೊಮ್ಮಕ್ಕಳನ್ನು ಎಲ್ಲಿಗೆ ಸೇರಿಸಿದರೆಂದು ಬರೆದು ತಿಳಿಸಲಿ. ಯಾರ ಪತ್ರವೇ ಆಗಲಿ, ಪ್ರಕಟಿಸುತ್ತೇವೆ. ನಮ್ಮ ಮೊಮ್ಮಗಳಿಗೂ ಈಗ ಆರು ತುಂಬಿದೆ. ಸರ್ಕಾರಿ ಶಾಲೆಗೆ ಎಂದು ನಾವು ಹೇಳಿದ್ದೇವೆ. ಮಗ ಸೊಸೆ ಇನ್ನೂ ಒಪ್ಪಿಲ್ಲ.