ಗೇರುಬೀಜ, ಡಾಲರು ಮತ್ತು ಹಸಿರು ಬಾಣ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಗೇರುಬೀಜದ ವ್ಯಾಪಾರಕ್ಕೆ ಡಾಲರು ಹೊಸತಲ್ಲ. ಊರಿನ ಬೀಜ ಸಾಲದೆ ಆಫ್ರಿಕಾದಿಂದ ತರಿಸಿದರೆ ಡಾಲರು ಕೊಡಬೇಕು. ತಿರುಳು ಹೊರದೇಶಕ್ಕೆ ಹೋದರೆ ಡಾಲರೋ ದಿರ್ಹಮೋ ಬರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಎಲ್ಲವೂ ರೂಪಾಯಿ! ನನ್ನ ತಕರಾರು ಇರೋದೇ ಅಲ್ಲಿ.

ಒಂದು ಲೆಕ್ಕ ನೋಡಿ. 2022ರ ಜನವರಿಯಲ್ಲಿ ಡಾಲರಿಗೆ ಸುಮಾರು 75 ರೂಪಾಯಿ, 2023ರ ಜನವರಿಯಲ್ಲಿ ಸುಮಾರು 82. ಎರಡೂ ತಿಂಗಳು ಒಂದೊಂದು ಲಕ್ಷ ಡಾಲರಿನ ತಿರುಳು ಮಾರಿದ್ದರೆ, 75 ಲಕ್ಷ ಇದ್ದದ್ದು 82 ಲಕ್ಷ ಆಯ್ತು. ಶೇಕಡಾ 9ರಷ್ಟು ಏರಿಕೆ ಅಂತ ಪರದೆಯಲ್ಲಿ ಹಸಿರು ಬಾಣ. ಒಂದು ಡಬ್ಬ ತಿರುಳೂ ಹೆಚ್ಚು ಹೋಗಿಲ್ಲ ಮಾರಾಯ್ರೆ! ಡಾಲರಿನಲ್ಲಿ ತರಿಸುವ ಬೀಜದ ಖರ್ಚೂ ಹಾಗೆಯೇ ಏರಿರುತ್ತದೆ. ಆ ಬಾಣ ನಂಬಿ ಸಾಲ ಮಾಡಿ ಹೊಸ ಶೆಡ್ಡು ಕಟ್ಟಿದರೆ ಕಂತು ಕಟ್ಟೋರು ಯಾರು?

ಇನ್ನು ಕೆಲವರು ಹಳೆಯ ಬಿಲ್ಲುಗಳಿಗೂ ಇವತ್ತಿನ ದರವನ್ನೇ ಹಾಕಿಬಿಡುತ್ತಾರೆ. ಆಗ ಹೋದ ವರ್ಷದ ಮಾರಾಟ ದಿನಕ್ಕೊಂದು ಥರ! ಲೆಕ್ಕದ ಪುಸ್ತಕಕ್ಕೆ ತಾಳೆಯೇ ಆಗುವುದಿಲ್ಲ.

ನನ್ನ ಪ್ರಕಾರ ದಾರಿ ಸುಲಭ. ಪ್ರತಿ ಬಿಲ್ಲಿನ ಜೊತೆ ಮೂಲ ಕರೆನ್ಸಿ, ಮೂಲ ಮೊತ್ತ, ಆ ದಿನದ ದರ ಮೂರನ್ನೂ ಉಳಿಸಿಕೊಳ್ಳಿ. ಪರದೆಯಲ್ಲಿ ಎರಡು ಗೆರೆ ಇರಲಿ: ಒಂದು ಆಯಾ ದಿನದ ದರದ್ದು, ಇನ್ನೊಂದು ಎಲ್ಲಕ್ಕೂ ಒಂದೇ ದರ ಹಿಡಿದದ್ದು. ನಡುವಿನ ಅಂತರ ವಿನಿಮಯ ದರದ್ದು, ನಿಮ್ಮ ದುಡಿಮೆಯದ್ದಲ್ಲ. ದಿರ್ಹಮಿನಲ್ಲಿ ಮಾರಿದರೆ ಅಪಾಯ ಹಂಚಿಹೋಯ್ತು ಅಂತಲೂ ಅಂದುಕೊಳ್ಳಬೇಡಿ. 1997ರಿಂದ ಅದು ಡಾಲರಿಗೆ 3.6725ರ ದರದಲ್ಲಿ ಕಟ್ಟಿಕೊಂಡೇ ಇದೆ.

ಬಾಣ ಹಸಿರಾದರೆ ಸಾಲದು, ಯಾಕೆ ಹಸಿರಾಯ್ತು ಅಂತಲೂ ಅದು ಹೇಳಬೇಕು. ಏನಂತೀರಿ?