ಪುಟ್ಟ ಮಕ್ಕಳು ಮೊಬೈಲ್ ನೋಡಿಯೇ ಅಕ್ಷರ ಕಲಿಯುತ್ತಾರೆಯೇ?

‘ಮೂರು ವರ್ಷದ ಮಗು ಮೊಬೈಲ್ ನೋಡಿಯೇ ಅಆಇಈ, ಎಬಿಸಿಡಿ ಎಲ್ಲ ಕಲಿತಿದೆ. ಇನ್ನು ಅಂಗನವಾಡಿ, ಎಲ್‌ಕೆಜಿ ಯಾಕೆ?’ ಇಂಥ ಮಾತು ವಿಡಿಯೊ ಸಮೇತ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಮಗು ಮುದ್ದಾಗಿ ಹೇಳುತ್ತದೆ, ನಾವು ಫಾರ್ವರ್ಡ್ ಮಾಡುತ್ತೇವೆ.

ಇದರಲ್ಲಿ ಅರ್ಧ ನಿಜವಿದೆ. ಮತ್ತೆ ಮತ್ತೆ ಕೇಳಿದ್ದನ್ನು ಮಗು ಒಪ್ಪಿಸುತ್ತದೆ. ಆದರೆ ‘ಅ’ದಿಂದ ‘ಳ’ವರೆಗೆ ಹಾಡಿದ ಮಗುವಿಗೆ ನಡುವಿನ ಒಂದು ಅಕ್ಷರ ತೋರಿಸಿ, ಇದೇನು ಎಂದು ಕೇಳಿ ನೋಡಿ. ಹಾಡುವುದು ಬೇರೆ, ಓದುವುದು ಬೇರೆ.

ಅಮೆರಿಕದ ಸಂಶೋಧಕಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನಪಾಗುತ್ತದೆ. ಅಲ್ಲಿನ ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿದರು. ಎದುರಿಗೆ ಕೂತು ಆಡಿಸುತ್ತ ಮಾತಾಡಿದಾಗ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಜನರ ಅದೇ ಮಾತನ್ನು ವಿಡಿಯೊದಲ್ಲಿ ತೋರಿಸಿದಾಗ ಕಲಿಯಲಿಲ್ಲ. 2014ರ ಇನ್ನೊಂದು ಅಧ್ಯಯನದಲ್ಲಿ ಎರಡು, ಎರಡೂವರೆ ವರ್ಷದ ಮಕ್ಕಳು ವಿಡಿಯೊ ಕಾಲ್‌ನಿಂದ ಹೊಸ ಪದ ಕಲಿತರು. ಮೊದಲೇ ಚಿತ್ರೀಕರಿಸಿದ ವಿಡಿಯೊದಿಂದ ಕಲಿಯಲಿಲ್ಲ. ಅಂದರೆ ತಪ್ಪು ಪರದೆಯದಷ್ಟೇ ಅಲ್ಲ. ಮಗು ನಕ್ಕರೆ ನಗುವ, ತೊದಲಿದರೆ ತಿದ್ದುವ ಒಬ್ಬರು ಆ ಕಡೆ ಇರಬೇಕು. ಮೂವತ್ತು ಮಕ್ಕಳು ಚಿಕ್ಕ ಚಿಕ್ಕ ಚೌಕಗಳಲ್ಲಿ ಕಾಣುವ ಆನ್‌ಲೈನ್ ತರಗತಿಯಲ್ಲಿ ಎಂಥ ಒಳ್ಳೆಯ ಟೀಚರ್‌ಗೂ ಇದು ಕಷ್ಟ. ದ, ಧ, ಥ ಗೊಂದಲವಾದಾಗ ಕೈ ಹಿಡಿದು ಸ್ಲೇಟಿನ ಮೇಲೆ ತಿದ್ದಿಸುವುದಂತೂ ಆಗದ ಮಾತು.

ಕರ್ನಾಟಕ ಇದನ್ನು ಕೋವಿಡ್ ಕಾಲದಲ್ಲಿ ಕಣ್ಣಾರೆ ಕಂಡಿದೆ. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಎಲ್‌ಕೆಜಿಯಿಂದ 5ನೇ ತರಗತಿವರೆಗೆ ಆನ್‌ಲೈನ್ ಪಾಠ ಬೇಡವೆಂದಿತು. ಜುಲೈ 8ರಂದು ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಎರಡೂ ಕಡೆ ನ್ಯಾಯವಿತ್ತು: ಪರದೆ ಮುಂದೆ ಎಳೆಯ ಮಕ್ಕಳನ್ನು ಕೂರಿಸುವುದು ಸರಿಯಲ್ಲ, ಏನೂ ಕಲಿಸದೆ ಬಿಡುವುದೂ ಸರಿಯಲ್ಲ. ಆದರೆ ಈ ಜಗಳ ಹೆಚ್ಚಾಗಿ ನಗರದ ಖಾಸಗಿ ಶಾಲೆಗಳದು.

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಸುತ್ತಿನ ಹಳ್ಳಿಯೊಂದನ್ನು ಊಹಿಸಿಕೊಳ್ಳಿ. ಮನೆಗೆ ಒಂದೇ ಸ್ಮಾರ್ಟ್‌ಫೋನ್. ಬೆಳಿಗ್ಗೆ ಅದು ಅಪ್ಪನ ಜೇಬಿನಲ್ಲಿ ತೋಟಕ್ಕೆ ಹೋಗುತ್ತದೆ. ಸಂಜೆ ಬಂದರೆ ಮೊದಲ ಸರದಿ ಎಸ್ಸೆಸ್ಸೆಲ್ಸಿ ಓದುವ ಅಕ್ಕನದು. ಒಂದನೇ ತರಗತಿಯ ತಮ್ಮನಿಗೆ ಸಿಗುವಷ್ಟರಲ್ಲಿ ಡೇಟಾ ಮುಗಿದಿರುತ್ತದೆ, ಇಲ್ಲವೇ ಅವನಿಗೆ ನಿದ್ದೆ ಬಂದಿರುತ್ತದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2020ರಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಶೇ 60ಕ್ಕಿಂತ ಹೆಚ್ಚು ಮಕ್ಕಳಿಗೆ ಆನ್‌ಲೈನ್ ಪಾಠ ತಲುಪಿಯೇ ಇರಲಿಲ್ಲ. ಫೋನ್ ಇದ್ದವರಲ್ಲೂ ಪಕ್ಕದಲ್ಲಿ ಕೂತು ಹೇಳಿಕೊಡುವವರು ಬೇಕಲ್ಲ! ದೂರ ಶಿಕ್ಷಣ ಎಂದರೆ ಎಳೆಯ ಮಕ್ಕಳ ಮಟ್ಟಿಗೆ ಪಾಠದ ಹೊರೆ ಅಮ್ಮನ ಹೆಗಲಿಗೆ ಬಿತ್ತು ಎಂದೇ ಅರ್ಥ.

2020ರ ಆಗಸ್ಟ್‌ನಲ್ಲಿ ಬಂದ ‘ವಿದ್ಯಾಗಮ’ ಇದನ್ನು ಅರಿತಿತ್ತು ಎನಿಸುತ್ತದೆ. ಮೇಷ್ಟ್ರು, ಮೇಡಂಗಳೇ ಊರಿಗೆ ಬಂದು ದೇವಸ್ಥಾನದ ಅಂಗಳದಲ್ಲೋ ಮರದ ನೆರಳಲ್ಲೋ ಸಣ್ಣ ಗುಂಪಿಗೆ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. 1ರಿಂದ 5ನೇ ತರಗತಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ರಂದು. 2020ರಲ್ಲಿ ಒಂದನೇ ತರಗತಿಗೆ ಸೇರಿದ ಮಗು ಶಾಲೆಯ ಕೋಣೆಯಲ್ಲಿ ಕೂತದ್ದು ಎರಡನೇ ತರಗತಿಯ ನಡುವೆ.

ಫಲಿತಾಂಶ ‘ಅಸರ್’ ಗ್ರಾಮೀಣ ಸಮೀಕ್ಷೆಯಲ್ಲಿದೆ. ಎರಡನೇ ತರಗತಿಯ ಪಾಠವನ್ನು ಓದಬಲ್ಲ ಮೂರನೇ ತರಗತಿ ಮಕ್ಕಳು ಕರ್ನಾಟಕದಲ್ಲಿ 2018ರಲ್ಲಿ ಶೇ 19.2ರಷ್ಟಿದ್ದರು, 2021ರ ಆರಂಭದ ಸಮೀಕ್ಷೆಯಲ್ಲಿ ಶೇ 9.8ಕ್ಕೆ ಇಳಿದರು. ಎಲ್ಲವನ್ನೂ ಕೋವಿಡ್ ತಲೆಗೆ ಕಟ್ಟುವವರು ಮೊದಲ ಸಂಖ್ಯೆಯನ್ನೂ ಗಮನಿಸಬೇಕು. ಶಾಲೆ ನಡೆಯುತ್ತಿದ್ದಾಗಲೂ ಐವರಲ್ಲಿ ನಾಲ್ವರಿಗೆ ಓದಲು ಬರುತ್ತಿರಲಿಲ್ಲ.

ಹಾಗಾದರೆ ಮೊಬೈಲ್ ಮುಟ್ಟಲೇಬಾರದೇ? ಎರಡು ವರ್ಷ ತುಂಬುವವರೆಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಶಾಲೆಯಿಂದ ವಿಡಿಯೊ ಬಂದರೆ ಮಗುವಿನ ಕೈಗೆ ಕೊಟ್ಟು ಒಲೆಯ ಕಡೆ ಹೋಗುವ ಬದಲು ಐದೇ ನಿಮಿಷ ಜೊತೆಗೆ ನೋಡಿ. ನಡುವೆ ನಿಲ್ಲಿಸಿ, ‘ಈ ಅಕ್ಷರ ನಮ್ಮ ಮನೇಲಿ ಎಲ್ಲಿದೆ?’ ಎಂದು ಕೇಳಿ. ಅಕ್ಕಿ ಚೀಲದ ಮೇಲೋ ಗೋಡೆಯ ಕ್ಯಾಲೆಂಡರ್‌ನಲ್ಲೋ ಹುಡುಕಲಿ. ಅಮ್ಮನಿಗೆ ಓದು ಬಾರದಿದ್ದರೂ ಸರಿ, ಹುಡುಕಿದ್ದನ್ನು ಮಗುವೇ ಅಮ್ಮನಿಗೆ ತೋರಿಸಿ ಹೇಳಲಿ.