ಒಂದೇ ಪೆಟ್ಟು, ಎರಡು ಎಲೆಕ್ಟ್ರಾನು

‘ಸಾರ್, ವೇಗದ ಪ್ರೋಟಾನು ಬಡಿದರೆ ಪರಮಾಣುವಿನಿಂದ ಒಂದೇ ಎಲೆಕ್ಟ್ರಾನು ತಾನೇ ಹೊರಬೀಳುವುದು?’ ಎಂದು ಹತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ. ‘ಹೌದು’ ಎಂದುಬಿಟ್ಟೆ. ಮನೆಗೆ ಬಂದು ಪುಸ್ತಕ ತೆರೆದಾಗ ನಾಚಿಕೆಯಾಯಿತು. ಮರುದಿನ ತಿದ್ದಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಜಡಾನಿಲವಾದ ಆರ್ಗಾನನ್ನು ನೋಡಿ. ಅದರ 18 ಎಲೆಕ್ಟ್ರಾನುಗಳು 2, 8, 8 ಎಂದು ಮೂರು ಕವಚಗಳಲ್ಲಿವೆ. ಹೊರಕವಚದಿಂದ ಮೊದಲನೆಯದನ್ನು ಕೀಳಲು 15.8 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಸಾಕು. ಎರಡನೆಯದಕ್ಕೆ ಮತ್ತೆ 27.6 ಬೇಕು, ಒಂದು ಹೋದ ಮೇಲೆ ಉಳಿದವುಗಳ ಮೇಲೆ ಬೀಜಕೇಂದ್ರದ ಹಿಡಿತ ಬಿಗಿಯಾಗುತ್ತದೆಯಲ್ಲ! ಬಡಿದ ಕಣವೇ ಎರಡನ್ನೂ ಕಿತ್ತೊಯ್ಯುವುದುಂಟು. ಆದರೆ ಸ್ವಾರಸ್ಯವಿರುವುದು ಇನ್ನೊಂದು ದಾರಿಯಲ್ಲಿ.

ಪೆಟ್ಟು ಒಳಗಿನ ಎರಡನೆಯ ಕವಚಕ್ಕೆ ಬಿತ್ತೆನ್ನಿ. ಅಲ್ಲಿಂದ ಒಂದನ್ನು ಕೀಳಲು ಸುಮಾರು 250 ಎಲೆಕ್ಟ್ರಾನ್‌ವೋಲ್ಟ್ ಬೇಕು. ತೆರವಾದ ಜಾಗಕ್ಕೆ ಹೊರಕವಚದ ಎಲೆಕ್ಟ್ರಾನೊಂದು ಇಳಿಯುತ್ತದೆ. ಆಗ ಬಿಡುಗಡೆಯಾಗುವ ಶಕ್ತಿ ಹೊರಗಿನ ಇನ್ನೊಂದಕ್ಕೆ ದಕ್ಕಿ, ಯಾರೂ ಬಡಿಯದಿದ್ದರೂ ಅದು ಹಾರಿಹೋಗುತ್ತದೆ. ಪರಮಾಣು ಎರಡು ಧನ ವಿದ್ಯುದಂಶದ ಅಯಾನಾಗುತ್ತದೆ. ಅತ್ಯಂತ ಒಳಗಿನ ಕವಚದಲ್ಲೇ ಜಾಗ ತೆರವಾದರೆ ಇದೇ ಆಟ ಸರಣಿಯಾಗಿ ನಡೆದು ನಾಲ್ಕೈದು ಎಲೆಕ್ಟ್ರಾನುಗಳು ಹೋಗುವುದೂ ಉಂಟು.

ಇದಕ್ಕೆ ಓಜೇ ಪರಿಣಾಮವೆಂದು ಹೆಸರು. ಫ್ರಾನ್ಸಿನ ಪಿಯರ್ ಓಜೇ ಇದನ್ನು ವರದಿ ಮಾಡಿದ್ದು 1923ರಲ್ಲಿ. ಲೀಸ ಮೈಟ್ನರ್ 1922ರಲ್ಲೇ ಪ್ರಕಟಿಸಿದ್ದರು. ಆದರೂ ಬಹುಕಾಲ ಹೆಸರಿನಲ್ಲಿ ಆಕೆಗೆ ಪಾಲು ಸಿಗಲಿಲ್ಲ. ಅದು ನನಗೆ ಸರಿಕಾಣದು.

ನನ್ನ ಹುಡುಗ ಸುಮ್ಮನಾಗಲಿಲ್ಲ. ‘ಹೀಲಿಯಂನಲ್ಲೂ ಹೀಗೇ ಆಗುತ್ತದೆಯೇ ಸಾರ್?’ ಎಂದ. ಹೀಲಿಯಂಗೆ ಇರುವುದು ಎಷ್ಟು ಕವಚ ಎಂದು ಎಣಿಸಿ, ಉತ್ತರ ನೀವೇ ಹೇಳಿ.